ಪಾದಯಾತ್ರೆಗೊಂದು ಹಗುರ ಕ್ಯಾಮೆರಾ

ಮೂಡಲಪಾಳ್ಯ
10 ನವೆಂಬರ್ 2024

ಕೃಷ್ಣಯ್ಯ ಸಾರ್,

ನಮಸ್ಕಾರ. ನಾನು ಸೀನ. ಅಕ್ಷರ ನೋಡಿಯೇ ನಿಮಗೆ ಗೊತ್ತಾಗಿರುತ್ತದೆ. ನಿಮ್ಮ ಸ್ಟುಡಿಯೋದಲ್ಲಿ ಹತ್ತು ವರ್ಷ ಫೋಟೋ ಕವರುಗಳ ಮೇಲೆ ಗಿರಾಕಿಗಳ ಹೆಸರು ಬರೆಸಿ ಈ ಅಕ್ಷರವನ್ನು ತಿದ್ದಿದವರು ನೀವೇ. ಮಾರ್ಚ್ ತಿಂಗಳಲ್ಲಿ ನಾಲ್ಕು ಸಲ ಫೋನ್ ಮಾಡಿದೆ. ನೀವು ತೆಗೆಯಲಿಲ್ಲ. ಐದನೆಯ ಸಲ ಮಾಡಲು ಧೈರ್ಯ ಬರಲಿಲ್ಲ. ಪತ್ರವಾದರೆ ತೆಗೆಯುವುದೂ ಬಿಡುವುದೂ ನಿಮಗೆ ಬಿಟ್ಟಿದ್ದು. ನಾನು ಎದುರಿಗೆ ನಿಂತು ಕಾಯಬೇಕಾಗಿಲ್ಲ.

ಒಂದು ಕೆಲಸದ ವಿಷಯ. ಕಳೆದ ಭಾನುವಾರ ಶಿವಬಸಪ್ಪನವರ ಮನೆಯ ಮಹಡಿಯ ಮೇಲೆ ನಮ್ಮ ಪಾದಯಾತ್ರೆ ಮಂಡಳಿ ಸೇರಿತ್ತು. ಬರುವ ಶಿವರಾತ್ರಿಗೂ ಧರ್ಮಸ್ಥಳಕ್ಕೆ ನಡೆಯುವುದೆಂದು ತೀರ್ಮಾನವಾಯಿತು. ಫೆಬ್ರವರಿ ಹದಿನಾರರಂದು ಹೊರಡುವುದು. ನನ್ನ ಚಿಕ್ಕ ಕ್ಯಾಮೆರಾವನ್ನು ನಾನು ಏಪ್ರಿಲ್‌ನಲ್ಲೇ ಮಾರಿಬಿಟ್ಟಿದ್ದೆ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಊಟ ಸೇರುತ್ತಿರಲಿಲ್ಲ. ಈಗ ಮಂಡಳಿಯೇ ಹೊಸದೊಂದು ತೆಗೆದುಕೊಡುತ್ತದಂತೆ.

"ಲೋ ಸೀನ, ಈ ಸಲಾನೂ ನೀನೇ ಕಣೋ ಫೋಟೋ. ಹಗುರ ಇರೋದು ಒಂದು ನೋಡ್ಕೊಂಡು ಬಾ" ಎಂದರು ಶಿವಬಸಪ್ಪ.

"ನನ್ ಕೈಲಾಗಲ್ಲ ಅಣ್ಣ" ಎಂದೆ.

ಮುರುಗೇಶ್ ಸುಮ್ಮನಿರುತ್ತಾನೆಯೇ? "ಏನ್ ಗುರು, ಹೆಣ್ಣು ನೋಡಕ್ಕೆ ಬಂದಿರೋರ ಮುಂದೆ ಕೂತಂಗೆ ಕೂತಿದೀಯ? ತಲೆ ಎತ್ತೋ!" ಎಂದ. ಎಲ್ಲರೂ ನಕ್ಕರು.

"ಕೃಷ್ಣಯ್ಯ ಸಾರ್‌ನ ಕೇಳ್ಬಿಟ್ಟು ಹೇಳ್ತೀನಿ" ಎಂದೆ. ನಗು ನಿಂತುಹೋಯಿತು.

ಸಾರ್, ನೀವು ಹೋಗು ಎಂದರೆ ಹೋಗುತ್ತೇನೆ. ಬೇಡ ಎಂದರೆ ಇನ್ನು ಆ ದಾರಿಯಲ್ಲಿ ಕಾಲಿಡುವುದಿಲ್ಲ. ಇದೊಂದನ್ನು ನೀವೇ ಹೇಳಬೇಕು.

ರಾಜಾಜಿನಗರದ ಅಂಗಡಿಯಲ್ಲಿ ಮೂರು ಕ್ಯಾಮೆರಾಗಳನ್ನು ಕೈಯಲ್ಲಿ ಹಿಡಿದು ನೋಡಿದೆ. ಒಂದು ನೀರಿಗೆ ಬಿದ್ದರೂ ಕೆಡುವುದಿಲ್ಲ. ಕಾಲು ಕೆಜಿಯೂ ಇಲ್ಲ. ಆದರೆ ಸಂಜೆಯ ಬೆಳಕಿನಲ್ಲಿ ಚಿತ್ರ ಹಿಟ್ಟು ಚೆಲ್ಲಿದ ಹಾಗೆ ಬರುತ್ತದೆ. ಎರಡನೆಯದು ಮುನ್ನೂರು ಗ್ರಾಂ, ಅಂಗಿಯ ಜೇಬಿಗೆ ಹಿಡಿಯುತ್ತದೆ, ಚಿತ್ರ ಚೆನ್ನಾಗಿದೆ. ಹಿಂದಿನ ಪರದೆಯಲ್ಲೇ ನೋಡಿ ತೆಗೆಯಬೇಕು. ಮೂರನೆಯದು ನಾನೂರೈವತ್ತು ಗ್ರಾಂ. ಅದರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇದೆ. ಫೋನ್ ಸಾಲದೇ ಎಂದು ನೀವು ಕೇಳುವುದಿಲ್ಲ ಎಂದು ಗೊತ್ತು. ನಡೆಯುವಾಗ ಫೋನುಗಳೆಲ್ಲ ಸಾಮಾನಿನ ಟೆಂಪೋದಲ್ಲಿರಬೇಕು ಎಂಬ ನಿಯಮ ಮಾಡಿಸಿದವರು ನೀವಲ್ಲವೇ.

ಮೂರರಲ್ಲಿ ಯಾವುದು ಸಾರ್?

ನಾನು ಈಗ ನಾಗರಬಾವಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ವಿದ್ಯಾರ್ಥಿಗಳ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತೇನೆ. ಮೊನ್ನೆ ಬಸವೇಶ್ವರನಗರದ ಕಡೆ ಹೋಗಿದ್ದೆ. ನಮ್ಮ ಸ್ಟುಡಿಯೋ ಇದ್ದ ಜಾಗದಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ಬಂದಿದೆ.

ನಿಮ್ಮ
ಸೀನ


ಕೆಂಗೇರಿ ಉಪನಗರ
2 ಡಿಸೆಂಬರ್ 2024

ಸೀನ,

ನಿನ್ನ ಪತ್ರ ಬಂದು ಮೂರು ವಾರವಾಯಿತು.

ನೀರಿಗೆ ಬಿದ್ದರೂ ಕೆಡದ ಕ್ಯಾಮೆರಾ ಬೇಡ. ನೀವು ನಡೆಯುವುದು ರಸ್ತೆಯ ಮೇಲೆ, ಅದೂ ಬೇಸಿಗೆಯಲ್ಲಿ. ಉಳಿದ ಎರಡರ ಬಗ್ಗೆ ನೀನು ಅಂಗಡಿಯವನು ಹೇಳಿದ್ದನ್ನೇ ಬರೆದಿದ್ದೀಯ. ಬ್ಯಾಟರಿ ಎಷ್ಟು ಫೋಟೋಗೆ ಬರುತ್ತದೆ ಎಂದು ಕೇಳಿದೆಯಾ? ಬೇರೆ ಬ್ಯಾಟರಿ ಹಾಕಬಹುದೇ, ಅಥವಾ ಪವರ್ ಬ್ಯಾಂಕಿಗೆ ಸಿಕ್ಕಿಸಬೇಕೇ? ಬೆವರು ಕೈಯಲ್ಲಿ ಹಿಡಿದರೆ ಜಾರುತ್ತದೆಯೇ? ನಲವತ್ತು ಜನರನ್ನು ಒಂದೇ ಸಾಲಿನಲ್ಲಿ ಹಿಡಿಯಲು ನೀನು ಎಷ್ಟು ಹೆಜ್ಜೆ ಹಿಂದೆ ಹೋಗಬೇಕು? ಘಾಟಿಯ ರಸ್ತೆಯಲ್ಲಿ ಹಿಂದೆ ಹೋಗಲು ಜಾಗ ಇರುವುದಿಲ್ಲ.

ಅಂಗಡಿಯ ಗಾಜಿನ ಮೇಜಿನ ಮೇಲೆ ಎಲ್ಲ ಕ್ಯಾಮೆರಾಗಳೂ ಹಗುರವೇ. ತೂಕ ಗೊತ್ತಾಗುವುದು ಹತ್ತನೆಯ ಕಿಲೋಮೀಟರಿನಲ್ಲಿ. ಚೀಲದಲ್ಲಿ ಅಷ್ಟೇ ತೂಕದ ಬೇಳೆ ಕಟ್ಟಿಕೊಂಡು ದಿನವೂ ನಡೆದು ನೋಡು. ಆಮೇಲೆ ಬರೆ.

ಕೃಷ್ಣಯ್ಯ


ಮೂಡಲಪಾಳ್ಯ
17 ಡಿಸೆಂಬರ್ 2024

ಕೃಷ್ಣಯ್ಯ ಸಾರ್,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಹೋಗು ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಆದರೂ ಬಂತಲ್ಲ.

ನೀವು ಹೇಳಿದ ಹಾಗೆಯೇ ಮಾಡಿದೆ. ಮೊದಲ ವಾರ ಮುನ್ನೂರು ಗ್ರಾಂ ತೊಗರಿಬೇಳೆ, ಎರಡನೆಯ ವಾರ ನಾನೂರೈವತ್ತು. ಬೆಳಿಗ್ಗೆ ಐದೂವರೆಗೆ ಹೊರಟು ನಾಗರಬಾವಿ ದಾಟಿ ವಿಶ್ವವಿದ್ಯಾಲಯದ ಬದಿಯಿಂದ ಮೈಸೂರು ರಸ್ತೆಗೆ ಇಳಿಯುತ್ತೇನೆ. ಎರಡಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಕತ್ತಿಗೆ ಹಾಕಿಕೊಂಡರೆ ಎದೆಗೆ ಬಡಿಯುತ್ತದೆ, ಸೊಂಟಕ್ಕೆ ಕಟ್ಟಿದರೆ ಇರುವುದೇ ಮರೆತುಹೋಗುತ್ತದೆ. ಬ್ಯಾಟರಿ ಮುನ್ನೂರು ಫೋಟೋಗೆ ಬರುತ್ತದಂತೆ, ಎರಡಕ್ಕೂ ಬೇರೆ ಬ್ಯಾಟರಿ ಸಿಗುತ್ತದೆ. ಅಗಲದಲ್ಲಿ ಮೂರನೆಯದೇ ಮೇಲು. ಹನ್ನೆರಡು ಹೆಜ್ಜೆ ಹಿಂದೆ ಹೋದರೆ ನಲವತ್ತು ಜನ ಹಿಡಿಸುತ್ತಾರೆ. ಅಂಗಡಿಯ ಮುಂದಿನ ಬಸ್ ನಿಲ್ದಾಣದ ಸಾಲನ್ನು ನೋಡಿ ಲೆಕ್ಕ ಹಾಕಿದೆ.

ಕಳೆದ ಭಾನುವಾರ ನಡೆಯುತ್ತಾ ನಡೆಯುತ್ತಾ ಕೆಂಗೇರಿಗೇ ಬಂದುಬಿಟ್ಟೆ. ನಿಮ್ಮ ಬೀದಿಯ ತಿರುವಿನವರೆಗೂ ಬಂದೆ. ನೀವು ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕೂತಿದ್ದಿರಿ. ಪಕ್ಕದಲ್ಲಿ ನಾಲ್ಕು ಕಾಲಿನ ವಾಕರ್ ಇತ್ತು. ದೂರ ಸಾಕಷ್ಟಾಯಿತು ಎಂದುಕೊಂಡು ವಾಪಸ್ ನಡೆದೆ.

ಸಾರ್, ಕ್ಯಾಮೆರಾ ವಿಷಯದ ಜೊತೆ ಇನ್ನೊಂದನ್ನೂ ಬರೆಯಬೇಕು. ಬರೆಯದಿದ್ದರೆ ಇಷ್ಟೆಲ್ಲ ಬರೆದದ್ದು ಸುಳ್ಳಾಗುತ್ತದೆ.

ದಿನದ ಕೊನೆಯ ಚಹಾ ನಿಲ್ದಾಣದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು, ಅದರಲ್ಲೇ ತಲೆ ಎಣಿಸುವ ಪದ್ಧತಿ ಹಾಕಿದವರು ನೀವು. ಫೋಟೋ ಎಂದರೆ ಮಾತ್ರ ಜನ ಅಲುಗಾಡದೆ ನಿಲ್ಲುತ್ತಾರೆ ಎಂದು ಹೇಳುತ್ತಿದ್ದಿರಿ. ಹತ್ತೊಂಬತ್ತು ವರ್ಷ ನೀವೇ ಎಣಿಸಿದಿರಿ, ಒಬ್ಬರೂ ತಪ್ಪಲಿಲ್ಲ. ನಾನು ಎಣಿಸಿದ್ದು ಒಂದೇ ವರ್ಷ. ನಾವು ಒಟ್ಟು ನಲವತ್ತೆರಡು ಜನ. ನಾನು ಕ್ಯಾಮೆರಾ ಹಿಂದೆ ಇರುವುದರಿಂದ ಫೋಟೋದಲ್ಲಿ ನಲವತ್ತೊಂದು ತಲೆ ಇರಬೇಕು. ಆವತ್ತು ಚಾರ್ಮಾಡಿ ಘಾಟಿಯಲ್ಲಿ ಪರದೆಯ ಮೇಲೆ ಬೆರಳಿಟ್ಟು ಎಣಿಸಿದೆ. ನಲವತ್ತೊಂದೇ ಇತ್ತು. ದೇವರಾಣೆಗೂ ಇತ್ತು. ಎಲ್ಲ ಬಂದರು ಎಂದೆ, ಎಲ್ಲರೂ ಹೊರಟೆವು.

ಮರುದಿನ ನಿಮ್ಮನ್ನು ಯಾರೋ ಜೀಪಿನವರು ಆಸ್ಪತ್ರೆಗೆ ಸೇರಿಸಿದ್ದಾರೆ, ಕಾಲು ಮುರಿದಿದೆ ಎಂದು ಸುದ್ದಿ ಬಂತು. ಊರಿಗೆ ಬಂದ ಮೇಲೆ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಒಂದೊಂದೇ ಮುಖ ನೋಡಿದೆ. ಎಡಗಡೆ ಕೊನೆಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ನಿಂತವರೊಬ್ಬರು ನಮ್ಮವರಲ್ಲ. ಚಹಾ ಕುಡಿಯಲು ನಿಲ್ಲಿಸಿದ್ದ ಯಾರೋ ಲಾರಿ ಚಾಲಕರು. ಫೋಟೋ ತೆಗೆಯುತ್ತಿದ್ದಾರೆಂದು ಖುಷಿಗೆ ಬಂದು ನಿಂತಿದ್ದಾರೆ, ನಗುತ್ತಿದ್ದಾರೆ. ಆ ಎರಡು ಬೆರಳಗಲದ ಪರದೆಯಲ್ಲಿ ಮುಖಗಳು ಸಾಸಿವೆ ಕಾಳಿನಷ್ಟಿದ್ದವು. ನಾನು ತಲೆ ಎಣಿಸಿದೆ. ಮುಖ ನೋಡಲಿಲ್ಲ.

ಅದನ್ನು ಯಾರಿಗೂ ಹೇಳಿಲ್ಲ. ನಿಮಗೇ ಮೊದಲು.

ಸೀನ


ಕೆಂಗೇರಿ ಉಪನಗರ
6 ಜನವರಿ 2025

ಸೀನ,

ನಾನು ಕೇಳಿದ್ದು ಕ್ಯಾಮೆರಾದ ಬಗ್ಗೆ.

ವ್ಯೂಫೈಂಡರ್ ಇರುವುದನ್ನೇ ತೆಗೆದುಕೋ. ನೂರೈವತ್ತು ಗ್ರಾಂ ಹೆಚ್ಚಾದರೆ ಆಗಲಿ. ಪರದೆ ಇರುವುದು ತೆಗೆದ ಮೇಲೆ ಬೇರೆಯವರಿಗೆ ತೋರಿಸಲು. ತೆಗೆಯುವವನು ನೋಡಬೇಕಾದರೆ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕಿಂಡಿಗೆ ಹಚ್ಚಬೇಕು. ಆಗ ಸುತ್ತಲಿನ ಗಲಾಟೆ ಕಾಣುವುದಿಲ್ಲ, ಎದುರಿಗಿರುವವರು ಮಾತ್ರ ಕಾಣುತ್ತಾರೆ. ಎಡಗಡೆಯಿಂದ ಒಬ್ಬೊಬ್ಬರನ್ನೇ ನೋಡಿಕೊಂಡು ಬಂದು, ಕೊನೆಯವರನ್ನು ನೋಡಿದ ಮೇಲೆ ಬಟನ್ ಒತ್ತುವುದು. ನಿನಗೆ ಇದನ್ನು ಹೇಳಿಕೊಟ್ಟಿದ್ದೆ. ಪಾಸ್‌ಪೋರ್ಟ್ ಫೋಟೋಗೆ ಒಂದೇ ಮುಖ ಇರುವುದರಿಂದ ನಿನಗೆ ಅದು ಬೇಕಾಗಲಿಲ್ಲವೋ ಏನೋ.

ಕತ್ತಿಗೆ ಪಟ್ಟಿ ಹಾಕಬೇಡ. ಮಣಿಕಟ್ಟಿಗೆ ಹಾಕು.

ತಿರುವಿನಲ್ಲಿ ನಿಂತಿದ್ದನ್ನು ನೋಡಿದೆ. ಸೀತಾ ಕೂಡ ನೋಡಿದಳು. "ಅಪ್ಪಾ, ಅದು ಸೀನ ಅಲ್ವಾ?" ಎಂದಳು. "ಅಲ್ಲ" ಎಂದೆ.

ಕೃಷ್ಣಯ್ಯ


ಮೂಡಲಪಾಳ್ಯ
21 ಜನವರಿ 2025

ಕೃಷ್ಣಯ್ಯ ಸಾರ್,

ಮೂರನೆಯದನ್ನೇ ತಂದೆ. ಮಂಡಳಿಯವರು ಪೂಜೆ ಮಾಡಿಸಿ ಕುಂಕುಮ ಹಚ್ಚಿದರು. ಲೆನ್ಸಿನ ಅಂಚಿಗೂ ಹಚ್ಚಿಬಿಟ್ಟಿದ್ದರು, ಬಟ್ಟೆಯಲ್ಲಿ ಒರೆಸಿ ಒರೆಸಿ ಸಾಕಾಯಿತು. ಆದರೆ ಅದು ಇನ್ನೂ ಡಬ್ಬಿಯಲ್ಲೇ ಇದೆ. ನಾನು ಹೋಗಬೇಕೋ ಬೇಡವೋ ನೀವು ಇನ್ನೂ ಹೇಳಿಲ್ಲ.

ಮೊನ್ನೆ ಸೀತಕ್ಕ ನಮ್ಮ ಅಂಗಡಿಗೆ ಆಧಾರ್ ಜೆರಾಕ್ಸಿಗೆ ಬಂದಿದ್ದರು. ನಾನಿರುವುದು ಗೊತ್ತಿರಲಿಲ್ಲ. ನನ್ನನ್ನು ನೋಡಿ ಆಧಾರ್ ಕಾರ್ಡನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಅಪ್ಪ ಕಾಲ್ ಮುರ್ಕೊಂಡ್ ಬಿದ್ದಿದ್ರೂ ಆ ಕಬ್ಬಿಣದ ಗುಂಡನ್ನ ಎದೆಗೆ ಅವುಚ್ಕೊಂಡಿದ್ರಂತೆ ಕಣೋ. ಆಸ್ಪತ್ರೆಯವ್ರು ಬಿಡಿಸ್ಕೋಬೇಕಾದ್ರೆ ಸಾಕಾಗೋಯ್ತಂತೆ" ಎಂದರು.

"ಏನಕ್ಕ ಗುಂಡು?"

"ಅವ್ರ ದೊಡ್ಡ ಕ್ಯಾಮೆರಾ ಕಣೋ. ಬ್ಯಾಗಲ್ಲಿ ಪಂಚೆ ಒಳಗೆ ಸುತ್ತಿಟ್ಟಿದ್ರು. ಯಾಕೆ, ನಿಂಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ ಸಾರ್. ನಿಮಗೆ ಅರವತ್ತೆಂಟು ಆಯಿತು, ಇನ್ನು ಫೋಟೋ ಕೆಲಸ ಸೀನನಿಗಿರಲಿ ಎಂದು ಶಿವಬಸಪ್ಪನವರು ಹೇಳಿದಾಗ ನೀವು "ಸರಿ" ಎಂದಿದ್ದಿರಿ. ಹೊರಡುವ ಹಿಂದಿನ ದಿನ ಆ ದೊಡ್ಡ ಕ್ಯಾಮೆರಾವನ್ನು ಒರೆಸಿ ನನ್ನ ಮುಂದಿಟ್ಟಿರಿ. ನಾನು ಜೇಬಿನಿಂದ ನನ್ನ ಚಿಕ್ಕದನ್ನು ತೆಗೆದು ತೋರಿಸಿದೆ. "ಇದು ಹಗುರ ಇದೆ ಸಾರ್, ಅದು ಇಲ್ಲೇ ಇರ್ಲಿ" ಎಂದೆ. ಅದು ಸ್ಟುಡಿಯೋದ ಬೀರುವಿನಲ್ಲೇ ಉಳಿಯಿತು ಎಂದುಕೊಂಡಿದ್ದೆ. ನೀವು ಎರಡು ಕೆಜಿ ತೂಕವನ್ನು ಯಾರಿಗೂ ಹೇಳದೆ ಘಾಟಿಯವರೆಗೂ ಹೊತ್ತುಕೊಂಡು ಬಂದಿದ್ದೀರಿ. ಕ್ಯಾಮೆರಾ ಟೆಂಪೋದಲ್ಲಿ ಕೂರುವ ಸಾಮಾನಲ್ಲ ಎಂದು ಹೇಳುತ್ತಿದ್ದವರು ನೀವು.

ಹಾಸನ ದಾಟಿದ ದಿನ ಮುರುಗೇಶ್ ಅಂದದ್ದು ನೆನಪಾಯಿತು. "ಸೀನನ್ ಕ್ಯಾಮೆರಾ ಮೂಗುಬೊಟ್ಟಿನಂಗಿದೆ. ಸಾರ್‌ದು ಒರಳುಕಲ್ಲು. ಅದನ್ನ ಹೊತ್ಕೊಂಡ್ ಹೋಗಕ್ಕೆ ಸಪರೇಟ್ ಟೆಂಪೋ ಬೇಕಿತ್ತು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ಅದು ನಿಮ್ಮ ಬೆನ್ನ ಮೇಲೇ ಇತ್ತು. ಆಮೇಲೆ ಎರಡು ದಿನ ನೀವು ನನ್ನ ಜೊತೆ ಮಾತಾಡಲಿಲ್ಲ. ನಾನೂ ಹತ್ತಿರ ಬರಲಿಲ್ಲ. ಅದಕ್ಕೇ ಆ ಸಂಜೆ ಛತ್ರ ಸೇರಿದ ಮೇಲೂ ನಿಮ್ಮನ್ನು ಹುಡುಕಲಿಲ್ಲ. ಕೋಪದಲ್ಲಿ ಟೆಂಪೋದಲ್ಲೇ ಮಲಗಿರುತ್ತೀರಿ ಎಂದುಕೊಂಡೆ.

ಯಾಕೆ ಹೊತ್ತಿರಿ ಸಾರ್?

ಸೀನ


ಕೆಂಗೇರಿ ಉಪನಗರ
9 ಫೆಬ್ರವರಿ 2025

ಸೀನ,

ಹೋಗು.

ಘಾಟಿಯ ಆ ಚಹಾ ಶೆಡ್ಡಿಗೆ ಒಂದು ತಿರುವು ಮುಂಚೆ, ಬಲಗಡೆ, ತಡೆಗೋಡೆ ಒಡೆದಿರುವ ಕಡೆ ಒಂದು ಚಪ್ಪಟೆ ಬಂಡೆ ಇದೆ. ನಾನು ಕೂತದ್ದು ಅಲ್ಲಿ. ಸಂಜೆ ಐದೂವರೆಯ ಹೊತ್ತಿಗೆ ಅದರ ಮೇಲೆ ಕೂತು, ಅಲ್ಲಿಂದ ಕಾಣುವುದನ್ನು ಒಂದು ಫೋಟೋ ತೆಗೆ. ಕ್ಯಾಮೆರಾ ಹೇಗಿದೆ ಎಂದು ಅದರಲ್ಲಿ ನನಗೆ ತಿಳಿಯುತ್ತದೆ. ಬೇರೆ ಯಾವ ಫೋಟೋನೂ ಕಳಿಸಬೇಡ.

ಕೃಷ್ಣಯ್ಯ


ಮೂಡಲಪಾಳ್ಯ
3 ಮಾರ್ಚ್ 2025

ಕೃಷ್ಣಯ್ಯ ಸಾರ್,

ಮೊನ್ನೆ ವಾಪಸ್ ಬಂದೆವು. ಈ ಸಲ ಮೂವತ್ತೆಂಟು ಜನ. ಎಲ್ಲರೂ ಹೋದರು, ಎಲ್ಲರೂ ಬಂದರು.

ಮೊದಲ ದಿನವೇ ಶಿವಬಸಪ್ಪನವರಿಗೆ ಹೇಳಿಬಿಟ್ಟೆ. ಇನ್ನು ತಲೆ ಎಣಿಸುವುದಿಲ್ಲ, ಕಿಂಡಿಯಲ್ಲಿ ಮುಖ ನೋಡಿ ಹೆಸರು ಕೂಗುತ್ತೇನೆ, ಅವರು ಓ ಅನ್ನಬೇಕು ಎಂದೆ. ನಾನು ಕೂಗುವುದೇ! ಮೊದಲ ಸಂಜೆ ದನಿಯೇ ಹೊರಡಲಿಲ್ಲ. "ಏನೋ ಅದು, ಬೆಕ್ಕಿನ ಮರಿ ಥರ" ಎಂದ ಮುರುಗೇಶ್. ರಾಮಕ್ಕನ ಹೆಸರು ಕೂಗಿದಾಗ, "ನಲ್ವತ್ ವರ್ಷದಲ್ಲಿ ನಮ್ಮನೆಯೋರೇ ನನ್ ಹೆಸ್ರಿಡ್ದು ಕರ್ದಿಲ್ಲ. ಇವ್ನು ನಡುರೋಡಲ್ಲಿ ಕೂಗ್ತಾನೆ ನೋಡ್ರಮ್ಮ" ಎಂದರು. ಆದರೂ ಮರುದಿನದಿಂದ ತಮ್ಮ ಸರದಿಗೆ ಸೆರಗು ಸರಿ ಮಾಡಿಕೊಂಡು ಕಾಯುತ್ತಿದ್ದರು.

ಘಾಟಿಯಲ್ಲಿ ನಾನು ಬೇಕೆಂದೇ ಹಿಂದೆ ಉಳಿದೆ. ಒಡೆದ ತಡೆಗೋಡೆ ಈಗಲೂ ಹಾಗೇ ಇದೆ. ಬಂಡೆಯೂ ಸಿಕ್ಕಿತು. ಕೂತೆ.

ಅಲ್ಲಿಂದ ಕಾಡು ಕಾಣುತ್ತದೆ, ಕಣಿವೆ ಕಾಣುತ್ತದೆ ಎಂದುಕೊಂಡಿದ್ದೆ. ಅಲ್ಲಿಂದ ಕಾಣುವುದು ಚಹಾ ಶೆಡ್ಡು. ರಸ್ತೆ ಸುತ್ತಿಕೊಂಡು ಇಳಿದು ಸರಿಯಾಗಿ ಕೆಳಗೇ ಬರುತ್ತದೆ. ಕಲ್ಲೆಸೆದರೆ ಶೆಡ್ಡಿನ ತಗಡಿನ ಮೇಲೆ ಬೀಳುವಷ್ಟು ಹತ್ತಿರ. ನಮ್ಮವರು ಸಾಲು ನಿಲ್ಲುತ್ತಿದ್ದುದು ಕಂಡಿತು. ಯಾರು ಯಾರು ಎಂದು ಬಟ್ಟೆಯಲ್ಲೇ ಗುರುತು ಹತ್ತಿತು. ಶಿವಬಸಪ್ಪನವರು ಕೆಮ್ಮಿದ್ದು ಕೇಳಿಸಿತು.

ನಾನು ಎದ್ದು ಹೋಗಲಿಲ್ಲ. ನಿಮ್ಮ ಹಾಗೆ ಸ್ವಲ್ಪ ಹೊತ್ತು ಕೂತು ನೋಡಬೇಕು ಅನ್ನಿಸಿತು. ಎರಡು ನಿಮಿಷವೂ ಆಗಿರಲಿಲ್ಲ. "ಲೋ ಸೀನಾ! ಎಲ್ ಸತ್ತ್ಯೋ? ಫೋಟೋ ಆಗ್ದೆ ಹೆಂಗೋ ಹೊರಡೋದು?" ಎಂದು ಮುರುಗೇಶ್ ಕೂಗಿದ. ಆಮೇಲೆ ಇನ್ನೂ ನಾಲ್ಕು ಜನ ಕೂಗಿದರು.

ಕ್ಯಾಮೆರಾ ನನ್ನ ಕೈಯಲ್ಲಿತ್ತು. ಅದಕ್ಕೇ ಕೂಗಿದರು. ಹತ್ತೊಂಬತ್ತು ವರ್ಷ ಅದು ನಿಮ್ಮ ಕೈಯಲ್ಲಿತ್ತು. ನೀವು ಹಿಂದೆ ಬಿದ್ದರೆ ಇಡೀ ಮಂಡಳಿ ನಿಂತು ಕಾಯುತ್ತಿತ್ತು. ನಿಮ್ಮನ್ನು ಯಾರೂ ಎಣಿಸಬೇಕಾಗಿರಲಿಲ್ಲ. ಆ ಎರಡು ಕೆಜಿಯನ್ನು ಯಾಕೆ ಹೊತ್ತಿರಿ ಎಂದು ಇನ್ನು ಕೇಳುವುದಿಲ್ಲ.

ಆದರೆ ಸಾರ್, ಅಲ್ಲಿಂದ ಎಲ್ಲ ಕಾಣುತ್ತದೆ. ಎಲ್ಲ ಕೇಳಿಸುತ್ತದೆ.

ಫೋಟೋ ಇದರ ಜೊತೆ ಇಟ್ಟಿದ್ದೇನೆ. ನಮ್ಮ ಅಂಗಡಿಯಲ್ಲೇ ಪ್ರಿಂಟ್ ಹಾಕಿದೆ.

ಸೀನ


ಕೆಂಗೇರಿ ಉಪನಗರ
12 ಮಾರ್ಚ್ 2025

ಸೀನ,

ಫೋಟೋ ಬಂತು. ಕ್ಯಾಮೆರಾ ಚೆನ್ನಾಗಿದೆ. ಇಳಿಬೆಳಕಿನಲ್ಲೂ ತಗಡಿನ ಗೆರೆಗಳು ಬಿಡಿಬಿಡಿಯಾಗಿ ಬಂದಿವೆ.

ಹೌದು. ಎಲ್ಲ ಕಾಣುತ್ತಿತ್ತು. ಮಂಡಿ ಹಿಡಿದುಕೊಂಡಿತು ಎಂದು ಕೂತದ್ದು ನಿಜ. ಆದರೆ ನೀವು ಸಾಲು ನಿಲ್ಲುವ ಹೊತ್ತಿಗೆ ನೋವು ಇಳಿದಿತ್ತು. ಎದ್ದು ಬರಬಹುದಿತ್ತು. ಒಂದು ಸಲ ಕೂಗಿದ್ದರೂ ಸಾಕಿತ್ತು. ಸೀನ ಈಗ ನೋಡುತ್ತಾನೆ, ಸಾರ್ ಎಲ್ಲಿ ಎಂದು ಕೇಳುತ್ತಾನೆ ಎಂದು ಕೂತೇ ಇದ್ದೆ. ನೀನು ತಲೆ ಬಗ್ಗಿಸಿ ಬೆರಳಾಡಿಸಿದೆ. "ನಲ್ವತ್ತೊಂದು, ನಂದೊಂದು, ನಲ್ವತ್ತೆರಡು. ಎಲ್ಲಾ ಬಂದ್ರು" ಎಂದೆ. ನಿನ್ನ ಧ್ವನಿ ಅಷ್ಟು ಜೋರಾಗಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನೀವೆಲ್ಲ ಹೊರಟಿರಿ. ಆಮೇಲೆ ನನಗೆ ಬಾಯೇ ಬರಲಿಲ್ಲ. ಕತ್ತಲಾದ ಮೇಲೆ ಎದ್ದೆ, ಚರಂಡಿಗೆ ಕಾಲಿಟ್ಟೆ. ಕಾಲು ಮುರಿದದ್ದು ಅಷ್ಟೇ. ಅದರಲ್ಲಿ ನಿನ್ನದೇನೂ ಇಲ್ಲ.

ನೀನು ಸುಮ್ಮನೆ ಬೆರಳಾಡಿಸಿ, ಎಣಿಸದೆಯೇ ಸಂಖ್ಯೆ ಹೇಳಿದೆ ಎಂದು ಒಂಬತ್ತು ತಿಂಗಳು ನಂಬಿದ್ದೆ. ಅದಕ್ಕೇ ಫೋನ್ ತೆಗೆಯಲಿಲ್ಲ. ಲಾರಿ ಚಾಲಕನ ವಿಷಯ ನಿನ್ನ ಡಿಸೆಂಬರ್ ಪತ್ರದಲ್ಲಿ ತಿಳಿಯಿತು. ಆಗಲೇ ಇದನ್ನು ಬರೆಯಬೇಕಿತ್ತು. ಬರೆಯಲಿಲ್ಲ. ಸೀತಾ ಎಂಟೂವರೆಗೆ ಕೆಲಸಕ್ಕೆ ಹೋದರೆ ಸಂಜೆ ಏಳಕ್ಕೆ ಬರುತ್ತಾಳೆ, ಅಲ್ಲಿಯವರೆಗೆ ನಾನೊಬ್ಬನೇ. ತಪ್ಪು ನಿನ್ನದು ಎಂದು ನಿನಗನ್ನಿಸುತ್ತಿರುವವರೆಗೆ ನೀನು ನನಗೆ ಬರೆಯುತ್ತಿರುತ್ತೀಯ ಎಂದು ಸುಮ್ಮನಿದ್ದೆ.

ಇನ್ನು ನೀನು ಬರೆಯಬೇಕಾಗಿಲ್ಲ.

ಕೃಷ್ಣಯ್ಯ


ಮೂಡಲಪಾಳ್ಯ
18 ಮಾರ್ಚ್ 2025

ಕೃಷ್ಣಯ್ಯ ಸಾರ್,

ನಿಮ್ಮ ಪತ್ರ ನಿನ್ನೆ ಬಂತು. ಅಂಗಡಿಯಲ್ಲೇ ಓದಿದೆ. ಓದಿ ಒಬ್ಬ ಹುಡುಗಿಯ ಪಾಸ್‌ಪೋರ್ಟ್ ಫೋಟೋವನ್ನು ಮೂರು ಸಲ ಕೆಡಿಸಿದೆ.

ನನಗೆ ಕೋಪ ಬಂದಿದೆ ಸಾರ್. ನಿಮ್ಮ ಮೇಲೆ ಕೋಪ ಬರುವುದೆಂದರೆ ಹೇಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಒಂದು ವರ್ಷ ನಾನು ಬಸ್ಸಿನಲ್ಲಿ ತಲೆ ಎಣಿಸಿದ್ದೇನೆ, ಹೋಟೆಲಿನಲ್ಲಿ ಎಣಿಸಿದ್ದೇನೆ, ಮದುವೆಯ ಪಂಕ್ತಿಯಲ್ಲಿ ಎಣಿಸಿದ್ದೇನೆ. ಪ್ರತಿ ಸಲವೂ ಒಂದು ಕಡಿಮೆಯಾಗುತ್ತಿತ್ತು. ನೀವು ಬಾಯಿ ತೆರೆದು ಒಂದೇ ಒಂದು ಸಲ ಕರೆದಿದ್ದರೆ ನಾನು ಆ ತಿರುವನ್ನು ಓಡಿಕೊಂಡು ಹತ್ತಿ ಬರುತ್ತಿದ್ದೆ. ಎರಡು ಕೆಜಿಯನ್ನೂ ನಾನೇ ಹೊರುತ್ತಿದ್ದೆ. ನಗುವವರು ನಗಲಿ ಎನ್ನುತ್ತಿದ್ದೆ. ಎನ್ನುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಆದರೆ ಓಡಿ ಬರುತ್ತಿದ್ದೆ, ಅದು ಮಾತ್ರ ಖಂಡಿತ.

ಇದನ್ನೆಲ್ಲ ಬರೆದು ಮುಗಿಸಲು ನನ್ನಿಂದಾಗುವುದಿಲ್ಲ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಮನೆಗೆ ಬರುತ್ತೇನೆ. ಮೊದಲು ಜಗಳ, ತಿಂಡಿ ಆಮೇಲೆ ಎಂದು ಸೀತಕ್ಕನಿಗೆ ಹೇಳಿಡಿ. ನಾನು ಜೋರಾಗಿಯೇ ಕೂಗುತ್ತೇನೆ. ಬೀದಿಯವರೆಲ್ಲ ಕೇಳಿಸಿಕೊಳ್ಳಲಿ.

ನೀವೂ ಸುಮ್ಮನೆ ಕೂರಬೇಡಿ. ತಿರುಗಿ ಕೂಗಿ.

ಸೀನ